ಕನ್ನಡ ಜಾಲತಾಣಗಳ ಆಡುನುಡಿ: ಗೆಳೆತನ, ಪ್ರೀತಿ, ನಂಟು

ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಷೇರ್‌ಚಾಟ್‌ಗಳಲ್ಲಿ ಕನ್ನಡಿಗರು, ಅದರಲ್ಲೂ ಯುವಜನರು, ಪರಸ್ಪರ ಕರೆಯಲು, ಛೇಡಿಸಲು, ಹೊಗಳಲು, ಬಯ್ಯಲು, ಪ್ರೀತಿ ಹೇಳಿಕೊಳ್ಳಲು ಬಳಸುವ ಪದ ಮತ್ತು ನುಡಿಗಟ್ಟುಗಳ ಸಮೂಹವೇ ಜಾಲತಾಣಗಳ ಆಡುನುಡಿ. ಈ ಲೇಖನ ಅದರಲ್ಲಿ ಸಾಮಾಜಿಕ ಬದುಕು ಮತ್ತು ಸಂಬಂಧಗಳಿಗೆ ಸೇರಿದ ಭಾಗವನ್ನು ಪರಿಚಯಿಸುತ್ತದೆ. ಉದಾಹರಣೆಗಳಲ್ಲಿ ಹೆಚ್ಚಿನವು ಹಳೆ ಮೈಸೂರು ಭಾಗದವು. ಆತಗೂರು, ಕೊಪ್ಪ, ಚಿಕ್ಕರಸಿನಕೆರೆ ಮೊದಲಾದ ಹೋಬಳಿಗಳುಳ್ಳ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು ಮತ್ತು ಅದರ ಸುತ್ತಲಿನ ಮಾತಿಗೆ ಇಲ್ಲಿ ವಿಶೇಷ ಜಾಗವಿದೆ. ಕನ್ನಡದ ಮೀಮುಗಳಲ್ಲಿ, ಟ್ರೋಲ್ ಪುಟಗಳಲ್ಲಿ ಈ ಸೀಮೆಯ ಆಡುಮಾತು ಎದ್ದು ಕಾಣುವುದೇ ಅದಕ್ಕೆ ಕಾರಣ.

ಇದು ಪೇಟೆಯ ಹುಡುಗರು ಇಂಗ್ಲಿಷಿನಿಂದ ಕಟ್ಟಿಕೊಂಡ ನುಡಿ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಅದು ಅರ್ಧ ನಿಜ ಮಾತ್ರ. ಕ್ರಷ್, ಬ್ರೇಕಪ್, ಸಿಂಗಲ್, ಬ್ಲಾಕ್ ಮುಂತಾದವು ಹೊರಗಿನಿಂದ ಬಂದವು ಹೌದು. ಆದರೆ ಯಾರು ಯಾರಿಗೆ ಎಷ್ಟು ಹತ್ತಿರ, ಯಾರು ಯಾರನ್ನು ಏಮಾರಿಸಿದರು, ಯಾರಿಗೆ ಮದುವೆಯಾಗಿಲ್ಲ ಎಂಬುದನ್ನೆಲ್ಲ ಹೇಳುವ ಹೊತ್ತಿಗೆ ಮೊಬೈಲಿನ ಮೇಲೆ ಮೂಡುವುದು ಮನೆ, ಹೊಲ, ಕೊಟ್ಟಿಗೆ, ಬೀಗರೂಟದ ಮಾತು.

ಹಿನ್ನೆಲೆ

ಆಡುಮಾತನ್ನು ತಮಾಷೆಗೂ ಸಲಿಗೆಗೂ ಬರವಣಿಗೆಗೆ ತರುವ ರೂಢಿ ಕನ್ನಡದಲ್ಲಿ ಹಳೆಯದು. ಟಿ.ಪಿ. ಕೈಲಾಸಂ (1884–1946) ತಮ್ಮ ನಾಟಕಗಳಲ್ಲಿ ಬೆಂಗಳೂರು, ಮೈಸೂರಿನ ಮಧ್ಯಮ ವರ್ಗದ ಇಂಗ್ಲಿಷ್ ಬೆರೆತ ಕನ್ನಡವನ್ನು ರಂಗಕ್ಕೆ ಏರಿಸಿದರು. ಜಿ.ಪಿ. ರಾಜರತ್ನಂ ‘ರತ್ನನ ಪದಗಳು’ ಕೃತಿಯಲ್ಲಿ ಹೆಂಡ ಕುಡಿಯುವ ರತ್ನನ ಬಾಯಲ್ಲಿ ಹಳ್ಳಿಯ ಉಚ್ಚಾರಣೆಯನ್ನೇ ಇಟ್ಟು, ಹೆಂಡತಿ ನಂಜಿಯ ಮೇಲಿನ ಅವನ ಪ್ರೀತಿಯನ್ನು ಹಾಡಿಸಿದರು. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯವರಾದ ಕಥೆಗಾರ, ವೈದ್ಯ ಡಾ. ಬೆಸಗರಹಳ್ಳಿ ರಾಮಣ್ಣ ತಮ್ಮ ಸೀಮೆಯ ಮಾತನ್ನು ಸಣ್ಣಕಥೆಗೆ ತಂದರು.

ಅದೇ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು ಸಿನಿಮಾ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್, ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ನಾಗರಹಾವು’ (1972) ಚಿತ್ರದಲ್ಲಿ ಹುಡುಗಿಯನ್ನು ಕಾಡುವ ಜಲೀಲನ ಪಾತ್ರ ಮಾಡಿದರು. ಆ ಪಾತ್ರ ‘ಬುಲ್‌ಬುಲ್’ ಎಂದು ಕರೆಯುವ ರೀತಿ ಎಷ್ಟು ಹಬ್ಬಿತೆಂದರೆ, 2013ರಲ್ಲಿ ಅದೇ ಹೆಸರಿನ ಚಿತ್ರವೂ ಬಂತು. ಉಪೇಂದ್ರ ನಿರ್ದೇಶನದ ‘ಓಂ’ (1995), ಸೂರಿಯವರ ‘ದುನಿಯಾ’ (2007) ಬೆಂಗಳೂರಿನ ಭೂಗತ ಲೋಕದ ನುಡಿಯನ್ನು ಕಾಲೇಜಿನ ಕಟ್ಟೆಗೆ ತಂದವು. ಯೋಗರಾಜ ಭಟ್ಟರ ‘ಪಂಚರಂಗಿ’ (2010) ಸಿಕ್ಕ ಸಿಕ್ಕ ಪದಕ್ಕೆಲ್ಲ ‘-ಗಳು’ ಸೇರಿಸುವ ಚಾಳಿಯನ್ನು ಹರಡಿತು. ‘ಲೈಫುಗಳು’, ‘ಲವ್ವುಗಳು’, ‘ಟೆನ್ಷನ್‌ಗಳು’ ಎಂದು ಫೇಸ್‌ಬುಕ್ ಗೋಡೆಗಳು ಕೆಲಕಾಲ ತುಂಬಿಹೋಗಿದ್ದವು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಶುರುವಾದ ಮೇಲೆ ರೇಡಿಯೋ ಕೂಡ ಈ ಧಾಟಿ ಹಿಡಿಯಿತು. ರೇಡಿಯೋ ಮಿರ್ಚಿಯ ‘ಸಕತ್ ಹಾಟ್ ಮಗಾ’ ಎಂಬ ಘೋಷಣೆ ‘ಮಗಾ’ ಎಂಬ ಕರೆಗೆ ಸಾರ್ವಜನಿಕ ಮುದ್ರೆ ಒತ್ತಿತು.

ಮೊಬೈಲಿನಲ್ಲಿ ಕನ್ನಡ ಮೊದಲು ಬಂದದ್ದು ರೋಮನ್ ಅಕ್ಷರಗಳ ವೇಷದಲ್ಲಿ. ಇದಕ್ಕೆ ತಾಂತ್ರಿಕ ಕಾರಣವಿತ್ತು: ಒಂದು ಎಸ್‌ಎಂಎಸ್‌ನಲ್ಲಿ ರೋಮನ್ ಅಕ್ಷರಗಳಾದರೆ 160 ಹಿಡಿಸುತ್ತಿದ್ದವು, ಕನ್ನಡ ಲಿಪಿಯಾದರೆ 70 ಮಾತ್ರ. ಹೆಚ್ಚಿನ ಫೋನುಗಳಲ್ಲಿ ಕನ್ನಡ ಕೀಲಿಮಣೆಯೂ ಇರಲಿಲ್ಲ. ಹೀಗೆ ಹುಟ್ಟಿದ ‘ಕಂಗ್ಲಿಷ್’ ಬರವಣಿಗೆಯಿಂದ ಯಾರೂ ಎಣಿಸದ ಒಂದು ಲಾಭವಾಯಿತು. ಕನ್ನಡ ಲಿಪಿಯಲ್ಲಿ ‘ಬುಡು’, ‘ಬ್ಯಾಡ’, ‘ಓಯ್ತೀನಿ’ ಎಂದು ಬರೆದರೆ ಮೇಷ್ಟರು ಕೆಂಪು ಗೆರೆ ಎಳೆಯುತ್ತಿದ್ದರು. ರೋಮನ್ ಅಕ್ಷರದ ಕನ್ನಡಕ್ಕೆ ಶಾಲೆಯ ಕಾಗುಣಿತವೇ ಇರಲಿಲ್ಲ. ಬಾಯಲ್ಲಿ ಇದ್ದದ್ದೇ ಬೆರಳಿಗೆ ಬಂತು. ಆರ್ಕುಟ್ (2004–2014) ಕಾಲದಲ್ಲಿ ಕುದುರಿದ ಈ ರೂಢಿ, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಗಳಿಗೆ ಹಬ್ಬಿತು. ಕನ್ನಡ ಕೀಲಿಮಣೆಗಳು ಸುಲಭವಾಗಿ ಸಿಗುವ ಹೊತ್ತಿಗೆ ಹಳ್ಳಿಯ ಉಚ್ಚಾರಣೆ ನಾಚಿಕೆಯಿಲ್ಲದೆ ಕನ್ನಡ ಲಿಪಿಗೇ ಮರಳಿತು. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿದಾಗ, ಅಲ್ಲಿ ತುಟಿ ಆಡಿಸುತ್ತಿದ್ದ ಹಳ್ಳಿಯ ಯುವಕ ಯುವತಿಯರಲ್ಲಿ ಬಹಳಷ್ಟು ಮಂದಿ ಇನ್‌ಸ್ಟಾಗ್ರಾಂ ರೀಲ್ಸ್‌ಗೆ ಬಂದರು.

ಕರೆಯುವ ಮಾತುಗಳು

ಈ ನುಡಿಯಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಸಂಬೋಧನೆಗಳು. ‘ಮಗಾ’ ಎಂಬುದಕ್ಕೆ ಇಲ್ಲಿ ಪುತ್ರ ಎಂಬ ಅರ್ಥವಿಲ್ಲ. ಅದು ಸಮವಯಸ್ಕ ಗೆಳೆಯ, ಕೆಲವೊಮ್ಮೆ ಗೆಳತಿ ಕೂಡ. ‘ಗುರು’ ಎಂದರೆ ಒಂದಿಷ್ಟು ಗೌರವ ಬೆರೆತ ಸಲಿಗೆ; ಪರಿಚಯವಿಲ್ಲದ ಆಟೋ ಚಾಲಕನಿಗೂ ಸಲ್ಲುತ್ತದೆ. ‘ಮಚ್ಚಾ’ ತಮಿಳಿನಿಂದ ಬಂದು ಬೆಂಗಳೂರಿನಲ್ಲಿ ನೆಲೆಯಾದದ್ದು. ‘ಸಿಸ್ಯಾ’ ಎಂದಾಗ ಪ್ರೀತಿಯ ಜತೆ ತುಸು ಎಚ್ಚರಿಕೆಯೂ ಇರುತ್ತದೆ. ‘ಬಾಸ್’ ಎಂಬುದು ಅಪರಿಚಿತನಿಗೂ, ನೆಚ್ಚಿನ ನಟನಿಗೂ ಒಪ್ಪುವ ಮಾತು.

ಮಂಡ್ಯ ಸೀಮೆಯಲ್ಲಿ ಗಂಡಸರಿಗೆ ‘ಲಾ’, ಹುಡುಗಿಯರಿಗೆ ‘ಅಮ್ಮಿ’ ಎನ್ನುವುದು ರೂಢಿ: ‘ಏನ್ಲಾ’, ‘ಬಾರ್ಲಾ’, ‘ಬಾಮ್ಮಿ’. ಹುಡುಗನಿಗೆ ‘ಹೈದ’, ಹುಡುಗರ ಗುಂಪಿಗೆ ‘ಹೈಕ್ಳು’. ಕನ್ನಡದ ಹೆಸರಾಂತ ಟ್ರೋಲ್ ಪುಟಗಳಲ್ಲಿ ಒಂದರ ಹೆಸರು ‘ಟ್ರೋಲ್ ಹೈಕ್ಳು’, ಇನ್ನೊಂದರದು ‘ಟ್ರೋಲ್ ಮಗಾ’. ಹೀಗಾಗಿ ‘ಹೈಕ್ಳು’ ಎಂಬ ಮಾತು ಅದು ಹುಟ್ಟಿದ ಸೀಮೆಯ ಆಚೆಗೂ ಪರಿಚಿತವಾಗಿದೆ. ‘ಬಡ್ಡೀಮಗ’, ‘ಬಡ್ಡೆತ್ತದ್ದು’ ಎಂಬ ಬಯ್ಗುಳಗಳು ಈ ಸೀಮೆಯಲ್ಲಿ ಗಾಢ ಸ್ನೇಹದ ಗುರುತು. ಹೊರಗಿನವರು ಅದನ್ನೇ ಟೈಪ್ ಮಾಡಿದರೆ ಜಗಳ.

ನೆಂಟಸ್ತಿಕೆಯ ಪದಗಳ ಬಳಕೆ ಇಲ್ಲಿ ಕುತೂಹಲಕರ. ದಕ್ಷಿಣ ಕರ್ನಾಟಕದ ಬಹಳಷ್ಟು ಸಮುದಾಯಗಳಲ್ಲಿ ಸೋದರತ್ತೆಯ ಮಗ, ಸೋದರಮಾವನ ಮಗಳು, ಕೆಲವೆಡೆ ಅಕ್ಕನ ಮಗಳೂ ಮದುವೆಗೆ ಸಲ್ಲುವ ನಂಟು. ಆದ್ದರಿಂದ ನೆಂಟಸ್ತಿಕೆಯ ಪದಗಳು ತಾವಾಗಿಯೇ ಎರಡು ಸಾಲಾಗಿ ನಿಲ್ಲುತ್ತವೆ: ಅಣ್ಣ, ತಮ್ಮ, ಅಕ್ಕ, ತಂಗಿ ಒಂದು ಕಡೆ, ಮಾವ, ಬಾವ, ಅತ್ತಿಗೆ, ನಾದಿನಿ ಇನ್ನೊಂದು ಕಡೆ. ಜಾಲತಾಣದ ಹಾಸ್ಯ ಈ ಗೆರೆಯ ಮೇಲೆಯೇ ಓಡಾಡುತ್ತದೆ. ಹುಡುಗಿ ‘ಥ್ಯಾಂಕ್ಸ್ ಅಣ್ಣ’ ಎಂದು ಬರೆದರೆ ಹುಡುಗನ ಆಸೆ ಅಲ್ಲಿಗೆ ಮುಗಿಯಿತು. ‘ರಾಖಿ ಕಟ್ಟಿದ್ಲು’ ಎಂದು ಗೆಳೆಯರು ಅಣಕಿಸುತ್ತಾರೆ. ಹಳ್ಳಿಗಳಲ್ಲಿ ಹೆಂಡತಿ ಗಂಡನನ್ನು ‘ಮಾವ’ ಎಂದು ಕರೆಯುವ ರೂಢಿ ಇದೆ, ಹಾಗಾಗಿ ಆ ಮಾತು ರೀಲ್ಸ್‌ಗಳಲ್ಲಿ ಪ್ರಣಯದ ಸಂಕೇತ. ಗೆಳೆಯ ಒಬ್ಬಳನ್ನು ಇಷ್ಟಪಟ್ಟನೆಂದು ತಿಳಿದ ಕ್ಷಣ ಅವಳು ಇಡೀ ಗುಂಪಿಗೆ ‘ಅತ್ತಿಗೆ’ ಆಗುತ್ತಾಳೆ, ಅವಳ ಅಪ್ಪ ‘ಮಾವ’ ಆಗುತ್ತಾನೆ. ಅವಳಿಗೆ ಮಾತ್ರ ಇದು ಗೊತ್ತಿರುವುದಿಲ್ಲ. ತಾರಾಪತ್ನಿಯರ ಚಿತ್ರಗಳ ಕೆಳಗೆ ಅಭಿಮಾನಿಗಳು ‘ಅತ್ತಿಗೆ’ ಎಂದು ಬರೆಯುವುದೂ ಇದೇ ಲೆಕ್ಕ. 2025ರಲ್ಲಿ ಜೆ.ಪಿ. ತುಮಿನಾಡ್ ನಿರ್ದೇಶನದ ‘ಸು ಫ್ರಮ್ ಸೋ’ ಚಿತ್ರದ ಹಾಡೊಂದು ‘ಬಾವ’ನನ್ನು ರೀಲ್ಸ್‌ಗಳ ತುಂಬ ಕುಣಿಸಿತು. ಮದುವೆಮನೆಗೆ ತಡವಾಗಿ ಬಂದವನಿಂದ ಹಿಡಿದು ಕಚೇರಿಗೆ ಬಂದ ಮೇಲಧಿಕಾರಿಯವರೆಗೆ ಎಲ್ಲರ ಪ್ರವೇಶಕ್ಕೂ ಆ ಹಾಡನ್ನೇ ಜೋಡಿಸಲಾಯಿತು.

ಗೆಳೆತನ ಮತ್ತು ಗುಂಪು

ಗುಂಪಿನೊಳಗಿನ ವರ್ತನೆಯನ್ನು ಅಳೆಯುವ ಪದಗಳು ಈ ನುಡಿಯ ದೊಡ್ಡ ಪಾಲು. ಇವುಗಳಲ್ಲಿ ಬಹುತೇಕ ಕ್ರಿಯಾಪದಗಳು. ಒಬ್ಬ ಇನ್ನೊಬ್ಬನಿಗೆ ಏನು ಮಾಡಿದ ಎಂಬುದನ್ನು ಹೇಳುತ್ತವೆ.

ಬಕೆಟ್ ಹಿಡಿ: ಲಾಭಕ್ಕಾಗಿ ದೊಡ್ಡವರನ್ನು ಹೊಗಳು. ಹಳೆಯ ‘ಬೆಣ್ಣೆ ಹಚ್ಚು’ವಿನ ಜಾಗದಲ್ಲಿ ಬಂದದ್ದು. ರಾಜಕಾರಣಿಯ ಪೋಸ್ಟಿನ ಕೆಳಗೆ ಖಾಲಿ ಬಕೆಟ್ಟಿನ ಚಿತ್ರ ಹಾಕಿದರೆ ಸಾಕು, ಮಾತು ಬೇಕಿಲ್ಲ.

ಗೂಬೆ ಕೂರಿಸು: ತನ್ನ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟು. ಗೂಬೆ ಅಪಶಕುನ ಎಂಬ ನಂಬಿಕೆಯಿಂದ ಬಂದದ್ದು.

ಬಕ್ರಾ ಮಾಡು: ನಂಬಿಸಿ ಮೂರ್ಖನನ್ನಾಗಿಸು. ‘ಮಿಕ’ ಎಂಬುದು ಇದರ ನೆರೆಯ ಪದ.

ಓಳು ಬಿಡು, ರೀಲು ಬಿಡು, ಬುರುಡೆ ಬಿಡು: ಇಲ್ಲದ್ದನ್ನು ಹೇಳು.

ಡವ್ ಮಾಡು: ನಾಟಕವಾಡು. ‘ಡವ್ ರಾಜ’, ‘ಡವ್ ರಾಣಿ’ ಇದರಿಂದ ಹುಟ್ಟಿದ ಬಿರುದುಗಳು. ‘ಡವ್ ಹೊಡಿ’ ಎಂದರೆ ಮಾತ್ರ ಅರ್ಥ ಬೇರೆ: ಪ್ರೀತಿಯ ಹೆಸರಲ್ಲಿ ಹಿಂದೆ ಬೀಳು.

ಸ್ಕೋಪ್ ತಗೋ: ಅಗತ್ಯಕ್ಕಿಂತ ಹೆಚ್ಚು ಮೆರೆ.

ಕುಯ್ಯಿ, ಕೊರಿ: ಎದುರಿನವನಿಗೆ ಬೇಸರ ಬರುವಷ್ಟು ಮಾತಾಡು.

ಚುನಾವಣೆ, ಸಭೆ, ಸುದ್ದಿವಾಹಿನಿಗಳಿಂದ ಬಂದ ಮಾತುಗಳೂ ಗೆಳೆತನದ ಶಬ್ದಕೋಶಕ್ಕೆ ಸೇರಿಕೊಂಡಿವೆ. 2019ರಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡ ಉಪಚುನಾವಣೆಯ ಪ್ರಚಾರಸಭೆಯಲ್ಲಿ ಸಿದ್ದರಾಮಯ್ಯ ಮಾತಾಡುತ್ತಿದ್ದಾಗ ಸಭಿಕನೊಬ್ಬ ಕೂಗಿದ ‘ಹೌದು ಹುಲಿಯಾ’ ಎಂಬುದು, ಗೆಳೆಯನ ಮಾತನ್ನು ಹೊಗಳಿದಂತೆ ಮಾಡಿ ಕಾಲೆಳೆಯುವ ಉದ್ಗಾರವಾಯಿತು. ಉತ್ತರ ಕರ್ನಾಟಕದ ಧಾಟಿಯ ಆ ಕೂಗನ್ನು ಮಂಡ್ಯದ ಹುಡುಗರೂ ಹಾಗೆಯೇ ಬರೆದರು. ತಮ್ಮ ಮಾತಿಗೆ ತಿರುಗಿಸಿಕೊಳ್ಳಲಿಲ್ಲ.

ಮಂಡ್ಯದ್ದೇ ಕೊಡುಗೆ ಎಂದರೆ 2019ರ ಲೋಕಸಭಾ ಚುನಾವಣೆಯಲ್ಲಿ ಹಬ್ಬಿದ ಎರಡು ಮಾತುಗಳು. ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್ ಪರ ಪ್ರಚಾರಕ್ಕೆ ಬಂದ ನಟರಾದ ದರ್ಶನ್ ಮತ್ತು ಯಶ್ ‘ಜೋಡೆತ್ತು’ಗಳೆನಿಸಿಕೊಂಡರು. ಎದುರಾಳಿ ಪಾಳಯದಿಂದ ‘ಕಳ್ಳೆತ್ತು’ ಎಂಬ ಮಾರುತ್ತರ ಬಂತು. ಒಂದೇ ನೊಗಕ್ಕೆ ಹೆಗಲು ಕೊಡುವ ಎತ್ತುಗಳನ್ನು ಸಾಕಿ ಬಲ್ಲ ಜಿಲ್ಲೆಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಇಂದಿಗೂ, ಒಬ್ಬರನ್ನೊಬ್ಬರು ಬಿಡದೆ ತಿರುಗುವ ಇಬ್ಬರು ಗೆಳೆಯರ ಫೋಟೋಕ್ಕೆ ‘ಜೋಡೆತ್ತು’ ಎಂಬ ಅಡಿಬರಹ ಸಿದ್ಧವಾಗಿರುತ್ತದೆ. ಎರಡನೆಯದು ‘ನಿಖಿಲ್ ಎಲ್ಲಿದ್ದೀಯಪ್ಪಾ’. ‘ಜಾಗ್ವಾರ್’ (2016) ಚಿತ್ರದ ಕಾರ್ಯಕ್ರಮದಲ್ಲಿ ಎಚ್.ಡಿ. ಕುಮಾರಸ್ವಾಮಿ ವೇದಿಕೆಯಿಂದ ಮಗನನ್ನು ಕರೆದ ದೃಶ್ಯ, ನಿಖಿಲ್ ಮಂಡ್ಯದ ಅಭ್ಯರ್ಥಿಯಾದಾಗ ಮತ್ತೆ ಮೇಲೆದ್ದು ದೇಶದ ಗಡಿಯನ್ನೂ ದಾಟಿತು. ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಚುನಾವಣೆ ಮುಗಿದರೂ ಮಾತು ಉಳಿಯಿತು: ಸಾಲ ತೆಗೆದುಕೊಂಡು ಫೋನ್ ಎತ್ತದವನಿಗೆ, ಪಾರ್ಟಿಗೆ ಬರುತ್ತೇನೆಂದು ಬಾರದವನಿಗೆ ‘ಎಲ್ಲಿದ್ದೀಯಪ್ಪಾ’ ಎಂಬ ಸಂದೇಶ ಹೋಗುತ್ತದೆ.

ಊಟವೂ ಗುಂಪಿನ ನುಡಿಯ ಭಾಗವೇ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮುನ್ನ ‘ಬಾಡೂಟ’ (ಮಾಂಸದೂಟ) ಬೇಕೆಂಬ ಒತ್ತಾಯ ಜಾಲತಾಣಗಳಲ್ಲಿ ಚಳವಳಿಯ ರೂಪ ಪಡೆಯಿತು. ಸಮ್ಮೇಳನದ ಊಟದ ಪಟ್ಟಿಯ ವಿಚಾರವಾಗಿ ಶುರುವಾದದ್ದು, ಯಾರ ಊಟ ಸಾರ್ವಜನಿಕ ಪಂಕ್ತಿಗೆ ಸಲ್ಲುತ್ತದೆ, ಯಾರದು ಸಲ್ಲುವುದಿಲ್ಲ ಎಂಬ ಪ್ರಶ್ನೆಯಾಗಿ ಬೆಳೆಯಿತು.

ಪ್ರೀತಿ, ಪ್ರಣಯ, ವಿರಹ

ಪ್ರೀತಿಯ ಮೊದಲ ಹೆಜ್ಜೆಗೆ ಇಲ್ಲಿ ಹಲವು ಹೆಸರುಗಳು. ‘ಲೈನ್ ಹೊಡಿ’ ಹಳೆಯದು, ‘ಕಾಳು ಹಾಕು’ ಅದಕ್ಕಿಂತ ನಯ. ಕೋಳಿಯನ್ನೋ ಪಾರಿವಾಳವನ್ನೋ ಹತ್ತಿರ ಕರೆಯುವ ಕ್ರಮದಿಂದ ಬಂದದ್ದು. ಎಲ್ಲ ಹುಡುಗಿಯರ ಪೋಸ್ಟಿಗೂ ಹೃದಯದ ಚಿಹ್ನೆ ಒತ್ತುವವನು ‘ಜೊಲ್ಲು ಪಾರ್ಟಿ’. ಒಪ್ಪಿಗೆ ಸಿಕ್ಕರೆ ‘ಸೆಟ್ ಆಯ್ತು’. ಬಿಟ್ಟು ಹೋದರೆ ‘ಕೈ ಕೊಟ್ಳು’, ‘ಕೈ ಕೊಟ್ಟ’; ಹಣವನ್ನೂ ಕಳೆದುಕೊಂಡಿದ್ದರೆ ‘ಟೋಪಿ ಹಾಕಿದ್ಲು’, ‘ಮೂರು ನಾಮ’. ಎರಡನೆಯ ಆಯ್ಕೆಯಾಗಿ ಇಟ್ಟುಕೊಂಡವರಿಗೆ ‘ಸ್ಟೆಪ್ನಿ’ ಎನ್ನುತ್ತಾರೆ. ಇದು ಸಿನಿಮಾ ಮತ್ತು ಲಾರಿ ಚಾಲಕರ ಮಾತಿನಿಂದ ಬಂದ ಕಟುವಾದ ಪದ.

ಮೆಸೆಂಜರ್ ಪ್ರಣಯದ ಅತಿ ಪ್ರಸಿದ್ಧ ಸಾಲು ‘ಊಟ ಆಯ್ತಾ?’. ಮನೆಗೆ ಬಂದವರನ್ನು, ದಾರಿಯಲ್ಲಿ ಸಿಕ್ಕವರನ್ನು ಕೇಳುವ ಈ ಉಪಚಾರದ ಮಾತಿಗೆ ರಾತ್ರಿ ಹತ್ತರ ಮೇಲೆ ಮೊಬೈಲಿನಲ್ಲಿ ಬೇರೆಯೇ ಅರ್ಥ ಬರುತ್ತದೆ. ಮೀಮುಗಳಲ್ಲಿ ಮತ್ತೆ ಮತ್ತೆ ಅಣಕವಾಗುವ ಸಂಭಾಷಣೆ ಸುಮಾರಾಗಿ ಹೀಗಿರುತ್ತದೆ:

– ಊಟ ಆಯ್ತಾ?
– ಆಯ್ತು. ನಿಂದು?
– ಆಯ್ತು. ಏನ್ ಊಟ?
– ಮುದ್ದೆ, ಉಪ್ಸಾರು.
– ಸೂಪರ್. ಮತ್ತೆ?
– ನೀನೇ ಹೇಳು.
– ಏನಿಲ್ಲ. ಮತ್ತೆ?
– ಹ್ಮ್.

ಇಲ್ಲಿ ಊಟದ ವಿಚಾರ ನೆಪ. ‘ಮತ್ತೆ’ ಎಂಬುದು ಮಾತು ಕಡಿಯದಿರಲಿ ಎಂಬ ಬೇಡಿಕೆ. ‘ಹ್ಮ್’ ಎಂಬುದು ಬಾಗಿಲು ಮುಚ್ಚಿದ ಸದ್ದು. ಎದುರಿಗೆ ಕುಳಿತು ಮಾತಾಡುವಾಗ ‘ಹೂಂ’ ಎಂದರೆ ಕೇಳುತ್ತಿದ್ದೇನೆ ಎಂದರ್ಥ. ಬರಹದಲ್ಲಿ ಅದೇ ‘ಹ್ಮ್’ ಎಂದರೆ ಕೇಳಿದ್ದು ಸಾಕು ಎಂದರ್ಥ. ಹುಡುಗಿಯರ ಗುಂಪುಗಳಲ್ಲಿ ಇಂಥ ಹುಡುಗನ ಹೆಸರು ‘ಊಟ ಆಯ್ತಾ ಗಿರಾಕಿ’.

ದಾಂಪತ್ಯಕ್ಕೆ ಸಂಬಂಧಿಸಿದ ಮಾತುಗಳಲ್ಲಿ ಎದ್ದು ಕಾಣುವುದು ‘ಕರಿಮಣಿ ಮಾಲೀಕ’. ಉಪೇಂದ್ರ ನಿರ್ದೇಶಿಸಿ ನಟಿಸಿದ ‘ಉಪೇಂದ್ರ’ (1999) ಚಿತ್ರದ ಹಾಡಿನಿಂದ ಬಂದ ಈ ಪದ, ಕಾಲು ಶತಮಾನದ ಬಳಿಕ 2024ರ ಆರಂಭದಲ್ಲಿ ರೀಲ್ಸ್ ಮೂಲಕ ರಾಜ್ಯವನ್ನೆಲ್ಲ ಹೊಕ್ಕಿತು. ಗಂಡ ಎಂದರೆ ತಾಳಿಯ ಕರಿಮಣಿಗೆ ಒಡೆಯ ಎಂಬ ಅರ್ಥವನ್ನು ಹುಡುಗರು ವಿರಹಕ್ಕೂ, ಹುಡುಗಿಯರು ಲೇವಡಿಗೂ ಬಳಸಿದರು. ಮದುವೆಯಾದ ಹೆಂಗಸರು ಕೆಲಸಕ್ಕೆ ಬಾರದ ಗಂಡನನ್ನು ತೋರಿಸಿ ‘ಇವರೇ ಮಾಲೀಕರು’ ಎಂದು ನಕ್ಕ ವಿಡಿಯೊಗಳಲ್ಲಿ ಒಡೆತನವೇ ನಗೆಪಾಟಲಾಯಿತು.

ಮದುವೆಯಾಗದವರು

ಈ ನುಡಿಯ ನಗುವಿನ ಹಿಂದಿರುವ ಸಂಕಟ ಮದ್ದೂರು ಸೀಮೆಯಲ್ಲಿ ನೇರವಾಗಿ ಕಾಣುತ್ತದೆ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಅವಿವಾಹಿತ ಯುವಕರ ಗುಂಪೊಂದು, ಹೆಣ್ಣು ಸಿಗಲಿ ಎಂದು ಹರಕೆ ಹೊತ್ತು ನೂರು ಕಿ.ಮೀ.ಗೂ ಹೆಚ್ಚು ದೂರದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಹೋಯಿತು. ಮಾದಪ್ಪನ (ಮಹದೇಶ್ವರನ) ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವುದು ಈ ಭಾಗದವರಿಗೆ ಹೊಸದಲ್ಲ. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂದು ಹೆಸರಿಟ್ಟುಕೊಂಡು ಹೋದದ್ದು ಹೊಸದು. ಭಾಗವಹಿಸಿದವರಲ್ಲಿ ಹೆಚ್ಚಿನವರು ರೈತರ ಮಕ್ಕಳು, ಮೂವತ್ತು ದಾಟಿದವರು. ಜಾಲತಾಣಗಳು ಮೊದಲು ನಕ್ಕವು: ‘ಸಿಂಗಲ್ಸ್ ಸಂಘ’, ‘ಮಾದಪ್ಪನ ಮ್ಯಾಟ್ರಿಮೊನಿ’ ಎಂಬ ಧಾಟಿಯ ಅಣಕಗಳು ಬಂದವು. ಬಳಿಕ ದೇಶವಿದೇಶದ ಪತ್ರಿಕೆಗಳು ಕಾರಣ ಕೇಳಿಕೊಂಡು ಬಂದವು.

ಅದಕ್ಕೂ ಮೊದಲು, 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗ ವಧೂವರರ ಸಮಾವೇಶಕ್ಕೆ ಹನ್ನೊಂದು ಸಾವಿರಕ್ಕೂ ಹೆಚ್ಚು ಯುವಕರು ಹೆಸರು ಕೊಟ್ಟಿದ್ದರೆ, ಯುವತಿಯರ ಸಂಖ್ಯೆ 250ರ ಆಸುಪಾಸಿನಲ್ಲಿತ್ತು ಎಂದು ಪತ್ರಿಕೆಗಳು ಬರೆದವು. ಸಮಾವೇಶದ ಸಾಲಿನ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು. ಕಬ್ಬು, ಭತ್ತ, ರೇಷ್ಮೆಯ ಬೆಲೆ ನೆಚ್ಚುವಂತಿಲ್ಲ. ಹಿಡುವಳಿ ಚಿಕ್ಕದು. ಓದಿದ ಹೆಣ್ಣುಮಕ್ಕಳು ಬೆಂಗಳೂರು, ಮೈಸೂರಿನಲ್ಲಿ ಸಂಬಳದ ಗಂಡನ್ನು ಬಯಸುತ್ತಾರೆ. ಅವರ ತಾಯಂದಿರೂ ಅದನ್ನೇ ಬಯಸುತ್ತಾರೆ, ಏಕೆಂದರೆ ಹೊಲ, ದನ, ಒಲೆಯ ದುಡಿಮೆ ಏನೆಂದು ಅವರಿಗೆ ಗೊತ್ತು. ಇದರ ಜತೆಗೆ ಹೆಣ್ಣು ಭ್ರೂಣಹತ್ಯೆಯ ಪಾಲೂ ಇದೆ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲವೊಂದು ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದುದು ಗೊತ್ತಾಯಿತು.

ಈ ಹಿನ್ನೆಲೆಯಲ್ಲಿ ‘ಕನ್ಯಾಭಾಗ್ಯ’ ಎಂಬ ಪದದ ಹುಟ್ಟನ್ನು ಗಮನಿಸಬೇಕು. 2013ರಿಂದ ರಾಜ್ಯ ಸರ್ಕಾರದ ಯೋಜನೆಗಳಿಗೆ ‘ಅನ್ನಭಾಗ್ಯ’ದಂಥ ಹೆಸರುಗಳು ಬಂದ ಮೇಲೆ, ‘ನಮಗೆ ಕನ್ಯಾಭಾಗ್ಯ ಕೊಡಿ’ ಎಂಬುದು ಅವಿವಾಹಿತರ ನಗೆಚಾಟಿಕೆಯಾಯಿತು. ಆ ನಗೆಚಾಟಿಕೆ ಕೊನೆಗೆ ಅರ್ಜಿಯೂ ಆಯಿತು: 2024ರಲ್ಲಿ ಕೊಪ್ಪಳ ಜಿಲ್ಲೆಯ ರೈತ ಯುವಕನೊಬ್ಬ ತನಗೆ ಹೆಣ್ಣು ಹುಡುಕಿಕೊಡಿ ಎಂದು ಜನಸ್ಪಂದನ ಸಭೆಯಲ್ಲಿ ಜಿಲ್ಲಾಧಿಕಾರಿಗೇ ಮನವಿ ಕೊಟ್ಟ.

ಚೀನಾದೊಡನೆ ಹೋಲಿಕೆ

ಚೀನೀ ಜಾಲತಾಣಗಳ ಆಡುನುಡಿ ಜಗತ್ತಿನಲ್ಲೇ ಅತಿ ಸಮೃದ್ಧವೆನಿಸಿದ ನುಡಿಗಳಲ್ಲಿ ಒಂದು. ಅದರೊಡನೆ ಹೋಲಿಸಿದಾಗ ಕನ್ನಡದ ಸ್ವಭಾವ ಸ್ಪಷ್ಟವಾಗುತ್ತದೆ. ಅಲ್ಲಿ ಒಂಟಿಯಾಗಿರುವವರು ತಮ್ಮನ್ನು ‘ದಾನ್‌ಶೆನ್ ಗೌ’, ಅಂದರೆ ಒಂಟಿ ನಾಯಿ, ಎಂದು ಕರೆದುಕೊಳ್ಳುತ್ತಾರೆ. ಜೋಡಿಗಳ ಸರಸ ನೋಡಬೇಕಾಗಿ ಬಂದರೆ ‘ನಾಯಿಯ ಊಟ ತಿಂದೆವು’ ಎನ್ನುತ್ತಾರೆ. ನಮ್ಮ ‘ಜೊಲ್ಲು ಪಾರ್ಟಿ’ಗೆ ಅಲ್ಲಿ ‘ನೆಕ್ಕುವ ನಾಯಿ’ ಎಂದು ಹೆಸರು. ‘ಬೇಯ್‌ತಾಯ್’ ಎಂದರೆ ಬದಲಿ ಟೈರು. ನಮ್ಮ ಸ್ಟೆಪ್ನಿಯ ಅರ್ಥವೇ. ಇಪ್ಪತ್ತೇಳು ದಾಟಿಯೂ ಮದುವೆಯಾಗದ ಹೆಣ್ಣುಮಕ್ಕಳನ್ನು ‘ಶೆಂಗ್‌ನ್ಯೂ’, ಉಳಿದುಹೋದವರು, ಎಂದು ಕರೆದದ್ದು ಅಧಿಕೃತ ಪದಪಟ್ಟಿಗೂ 2007ರಲ್ಲಿ ಸೇರಿತ್ತು. ಮದುವೆಯಾಗದ ಗಂಡಸಿಗೆ ‘ಗುವಾಂಗ್‌ಗುನ್’, ಬೋಳು ಕೋಲು, ಎಂಬ ಹಳೆಯ ಮಾತಿದೆ. ನವೆಂಬರ್ 11 ಅವರ ದಿನ. 2009ರಿಂದ ಅಲಿಬಾಬಾ ಕಂಪನಿ ಆ ದಿನವನ್ನು ದೈತ್ಯ ಮಾರಾಟಮೇಳವಾಗಿ ಮಾರ್ಪಡಿಸಿತು.

ಎರಡೂ ಕಡೆ ಕಾರಣಗಳು ಒಂದನ್ನೊಂದು ಹೋಲುತ್ತವೆ: ಲಿಂಗಾನುಪಾತದ ಏರುಪೇರು, ಹಳ್ಳಿ ಬಿಟ್ಟು ಹೋಗುವ ಹೆಣ್ಣುಮಕ್ಕಳು, ಮನೆ ಮತ್ತು ಸಂಬಳವಿಲ್ಲದವನಿಗೆ ಹೆಣ್ಣಿಲ್ಲ ಎಂಬ ಲೆಕ್ಕ. ಪದ ಕಟ್ಟುವ ಬಗೆ ಮಾತ್ರ ಬೇರೆ. ಚೀನೀ ಭಾಷೆಯಲ್ಲಿ ಒಂದೇ ಬಗೆಯ ಉಚ್ಚಾರವುಳ್ಳ ಪದಗಳು ಹೇರಳ, ಟೈಪ್ ಮಾಡುವುದೂ ಉಚ್ಚಾರಣೆಯ ಮೂಲಕ. ಆದ್ದರಿಂದ ಅಲ್ಲಿ ಅಂಕಿ ಮತ್ತು ಮೊದಲಕ್ಷರಗಳ ಆಟ ಹೆಚ್ಚು. 520 ಎಂಬ ಅಂಕಿಯ ಉಚ್ಚಾರ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದಕ್ಕೆ ಹತ್ತಿರವಿರುವುದರಿಂದ ಮೇ 20 ಪ್ರೇಮಿಗಳ ದಿನವಾಯಿತು. ಜತೆಗೆ ಸರ್ಕಾರದ ಸೋಸುವಿಕೆಯಿಂದ ತಪ್ಪಿಸಿಕೊಳ್ಳಲು ಪದಗಳು ವೇಷ ಬದಲಿಸುತ್ತಲೇ ಇರಬೇಕು. ಕನ್ನಡಕ್ಕೆ ಇಂಥ ಒತ್ತಡವಿಲ್ಲ. ಇಲ್ಲಿ ಹೊಸತನ ಬರುವುದು ಒಂದು ಸೀಮೆಯ ಉಚ್ಚಾರಣೆ ಇನ್ನೊಂದು ಸೀಮೆಗೆ ದಾಟಿದಾಗ, ನೆಂಟಸ್ತಿಕೆಯ ಪದ ನೆಂಟರಲ್ಲದವರ ಮೇಲೆ ಬಿದ್ದಾಗ. ಚೀನೀ ಬ್ರಹ್ಮಚಾರಿ ತನ್ನನ್ನು ನಾಯಿ ಎಂದುಕೊಂಡರೆ, ಮಂಡ್ಯದ ಹೈದ ಗೆಳೆಯನ ಹುಡುಗಿಯನ್ನು ಅತ್ತಿಗೆ ಎಂದು ಕರೆದು ಇಲ್ಲದ ಕುಟುಂಬವನ್ನು ಕಟ್ಟಿಕೊಳ್ಳುತ್ತಾನೆ.

ರಚನೆ

ಹೊರಗಿನ ಪದವನ್ನು ಒಳಕ್ಕೆ ತರಲು ಈ ನುಡಿ ಕನ್ನಡದ ಹಳೆಯ ದಾರಿಗಳನ್ನೇ ಬಳಸುತ್ತದೆ. ಕೊನೆಗೆ ‘ಉ’ ಸೇರಿಸಿ ಲವ್ವು, ಲೈಕು, ಪೋಸ್ಟು. ‘ಮಾಡು’, ‘ಆಗು’, ‘ಹೊಡಿ’ ಸೇರಿಸಿ ಬ್ಲಾಕ್ ಮಾಡು, ವೈರಲ್ ಆಗು, ಲೈನ್ ಹೊಡಿ. ಮಂಡ್ಯ ಸೀಮೆಯ ಗುರುತುಗಳು ನಾಲ್ಕು: ಪದದ ಮೊದಲ ಹಕಾರ ಬೀಳುವುದು (ಹೋಗು–ಓಗು), ‘ಬಿಡು’ ಎಂಬುದು ‘ಬುಡು’ ಆಗುವುದು, ‘ಬೇಡ’, ‘ಕೋಪ’ಗಳು ‘ಬ್ಯಾಡ’, ‘ಕ್ವಾಪ’ ಆಗುವುದು, ನಿಷೇಧಕ್ಕೆ ‘ಮಾಡಾಕಿಲ್ಲ’ ಎಂಬ ರೂಪ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರೂ ಮೀಮು ಬರೆಯುವಾಗ ಈ ರೂಪಗಳನ್ನು ಎರವಲು ಪಡೆಯುತ್ತಾರೆ. ಸಲಿಗೆ, ಒರಟುತನ, ಪ್ರಾಮಾಣಿಕತೆ ಮೂರನ್ನೂ ಒಟ್ಟಿಗೆ ಸೂಚಿಸಲು ಅವರಿಗೆ ಅದು ಸುಲಭದ ದಾರಿ.

ಟೀಕೆ ಮತ್ತು ಕಾನೂನು

ಈ ನುಡಿಯ ಮೇಲಿನ ಮುಖ್ಯ ಆಕ್ಷೇಪ ಅದು ಗಂಡಸರ ಕಟ್ಟೆಯಲ್ಲಿ ಹುಟ್ಟಿದ್ದು ಎಂಬುದು. ‘ಫಿಗರ್’, ‘ಆಂಟಿ’, ‘ಸ್ಟೆಪ್ನಿ’ ಮುಂತಾದವು ಹೆಣ್ಣನ್ನು ನೋಟದ ವಸ್ತುವಾಗಿಸುತ್ತವೆ. ‘ಕೈ ಕೊಟ್ಳು’ ಎಂಬ ಮಾತಿನಲ್ಲಿ ಒಲ್ಲೆ ಎಂದವಳು ಮೋಸಗಾರ್ತಿಯಾಗಿಬಿಡುತ್ತಾಳೆ. ಅಭಿಮಾನಿಗಳ ನಡುವಿನ ‘ಫ್ಯಾನ್ಸ್ ವಾರ್’ ಹಲವೊಮ್ಮೆ ಎದುರಿನವರ ತಾಯಿ, ಹೆಂಡತಿ, ತಂಗಿಯರ ಮೇಲಿನ ಬಯ್ಗುಳಕ್ಕಿಳಿಯುತ್ತದೆ. ಪ್ರೀತಿಯ ನೆಂಟಸ್ತಿಕೆ ಪದಗಳೇ ಅಲ್ಲಿ ಆಯುಧ. ಮಂಡ್ಯದ ಮಾಜಿ ಸಂಸದೆ, ನಟಿ ರಮ್ಯಾ ತಮ್ಮ ವಿರುದ್ಧದ ಅಶ್ಲೀಲ ಸಂದೇಶಗಳ ಬಗ್ಗೆ 2025ರ ಜುಲೈನಲ್ಲಿ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು; ಕೆಲವರ ಬಂಧನವಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿದ್ದರೂ, ಅಶ್ಲೀಲ ಬರಹ ಪ್ರಕಟಿಸುವುದನ್ನು ಅದೇ ಕಾಯ್ದೆಯ 67ನೇ ಕಲಂ ಅಪರಾಧವೆನ್ನುತ್ತದೆ.

ಹುಡುಗಿಯರು ಕಟ್ಟಿದ ಪ್ರತಿನುಡಿಯೂ ಬೆಳೆಯುತ್ತಿದೆ. ‘ಊಟ ಆಯ್ತಾ ಗಿರಾಕಿ’, ‘ಡವ್ ರಾಜ’ಗಳ ಚಲಾವಣೆ, ‘ಕರಿಮಣಿ ಮಾಲೀಕ’ನ ಲೇವಡಿ ಇದರ ಭಾಗ.

ದಾಖಲೆ

ಜಾಲತಾಣದ ನುಡಿಗೆ ಆಯುಸ್ಸು ಕಡಿಮೆ, ಅದಕ್ಕೇ ಅದನ್ನು ದಾಖಲಿಸಿಡಬೇಕು. ಮಂಡ್ಯ ಜಿಲ್ಲೆಯವರೇ ಆದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ (1913–2021) 1991ರಿಂದ ‘ಪ್ರಜಾವಾಣಿ’ಯಲ್ಲಿ ಬರೆದ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಬಳಕೆಯ ಪದಗಳಿಗೆ ಅರ್ಥ ಹೇಳುತ್ತ ಬಂದರು; ಅದು ಮುಂದೆ ಸಾಮಾಜಿಕ ನಿಘಂಟಾಗಿ ಪುಸ್ತಕರೂಪ ಪಡೆಯಿತು. ಜನ ಆಡುವ ಮಾತಿನ ಬಗ್ಗೆ ಜನರೇ ಪ್ರಶ್ನೆ ಕೇಳಿ, ಪಂಡಿತರೊಬ್ಬರು ಸಾವಧಾನದಿಂದ ಉತ್ತರಿಸಿದ ಆ ಮಾದರಿ ಇಂದಿನ ನುಡಿಗೂ ಸಲ್ಲುವಂಥದು.

ಬಾಳಿಕೆಯ ದೃಷ್ಟಿಯಿಂದ ಒಂದು ಒಲವು ಕಾಣುತ್ತದೆ. ಸಿನಿಮಾ ಮತ್ತು ಚುನಾವಣೆಗೆ ಅಂಟಿದ ಮಾತುಗಳು ಬೇಗ ಬಂದು ಬೇಗ ಹೋಗುತ್ತವೆ. ‘-ಗಳು’ ಚಾಳಿ ಕೆಲವೇ ವರ್ಷಗಳಲ್ಲಿ ಹಳತಾಯಿತು. ‘ಜೋಡೆತ್ತು’ ಉಳಿದಿರುವುದು ಅದು ಚುನಾವಣೆಗಿಂತ ಮೊದಲೇ ಕೊಟ್ಟಿಗೆಯಲ್ಲಿ ಇದ್ದ ಮಾತಾದ್ದರಿಂದ. ನೆಂಟಸ್ತಿಕೆ, ಊಟ, ದನಕರುಗಳ ಪದಗಳಿಗೆ ಹೊಸ ಅರ್ಥ ಹತ್ತಿದಾಗ ಅವು ಹೆಚ್ಚು ಕಾಲ ನಿಲ್ಲುತ್ತವೆ, ಏಕೆಂದರೆ ಅವುಗಳ ಹಳೆಯ ಅರ್ಥವನ್ನು ಯಾರೂ ಕಲಿಸಬೇಕಿಲ್ಲ.